ಮಂಗಳೂರಿನ ನೆಲವೂ ಡೈನೊಸಾರುಗಳ ಯುಗವೂ

ಮಂಗಳೂರಿನಲ್ಲಿ ಬಾವಿ ತೋಡಿದವರಿಗೆ ನೆಲದ ಕ್ರಮ ಚೆನ್ನಾಗಿ ತಿಳಿದಿದೆ. ಮೇಲೆ ಮುರಕಲ್ಲು; ಅದರ ಕೆಳಗೆ ಬಿಳಿ, ಹಳದಿ ಬಣ್ಣಗಳ ಮೆದುವಾದ ಶೇಡಿಮಣ್ಣು; ಅದಕ್ಕೂ ಕೆಳಗೆ ಗುದ್ದಲಿಗೆ ಬಗ್ಗದ, ಪಟ್ಟೆಪಟ್ಟೆಯಾದ ನೈಸ್ ಶಿಲೆ. ಈ ತಳದ ಬಂಡೆ 250 ಕೋಟಿ ವರ್ಷಗಳಿಗಿಂತಲೂ ಹಳೆಯದು. ಡೈನೊಸಾರುಗಳೆಂಬ ಸರೀಸೃಪಗಳು ಬಾಳಿದ್ದುದಾದರೋ ಸುಮಾರು 23 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ. ಹಾಗಾದರೆ ಆ ಕಾಲದ ಪದರಗಳೆಲ್ಲಿ? ಕದ್ರಿಯ ಗುಡ್ಡದಲ್ಲಾಗಲಿ ಬಜಪೆಯ ಪದವಿನಲ್ಲಾಗಲಿ ಅವು ದೊರೆಯುವುದಿಲ್ಲ. ಇದರಿಂದ ಆ ಪ್ರಾಣಿಗಳು ಇಲ್ಲಿ ಸುಳಿದಾಡಲೇ ಇಲ್ಲವೆಂದು ತೀರ್ಮಾನಿಸಬಹುದೆ? ಕೂಡದು. ಏಕೆಂಬುದನ್ನು ನೇತ್ರಾವತಿಯೇ ಹೇಳಿಕೊಡುತ್ತದೆ.

ಮಳೆಗಾಲದಲ್ಲಿ ಈ ನದಿಯ ನೀರು ಕೆಂಪಗಿರುವುದನ್ನು ನೋಡದವರಿಲ್ಲ. ಘಟ್ಟದಿಂದ ಕೊರೆದು ತಂದ ಮಣ್ಣಿನಲ್ಲಿ ಸ್ವಲ್ಪವನ್ನು ಅದು ಕುದ್ರುಗಳಲ್ಲಿಯೂ ದಡದ ತಗ್ಗುಗಳಲ್ಲಿಯೂ ಇಳಿಸಿ, ಉಳಿದುದನ್ನು ಕಡಲಿಗೆ ಒಪ್ಪಿಸುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಲು ಸಾಧ್ಯವಾದುದು ಹೀಗೆ ಇಳಿದ ಜೇಡಿಯಿಂದಲೇ. ಎತ್ತರದ ನೆಲ ಸವೆಯುತ್ತದೆ, ತಗ್ಗಿನ ನೆಲ ತುಂಬುತ್ತದೆ. ಗುಡ್ಡದ ಮೇಲೆ ಸತ್ತ ಪ್ರಾಣಿಯ ಎಲುಬು ಬಿಸಿಲು ಮಳೆಗಳಿಗೆ ಪುಡಿಯಾಗುತ್ತದೆ. ಕೆಸರಿನಲ್ಲಿ ಹೂತ ಎಲುಬಿಗಷ್ಟೇ ಕಲ್ಲಾಗಿ ಉಳಿಯುವ ಭಾಗ್ಯವುಂಟು. ಡೈನೊಸಾರುಗಳ ಯುಗದಲ್ಲಿ ನಮ್ಮ ಈ ನೆಲ ಸವೆಯುವ ಪಾಲಿನಲ್ಲಿದ್ದಿತು. ಪುಸ್ತಕವೇ ಬರೆಯಲ್ಪಡದಿದ್ದ ಮೇಲೆ ಪುಟಗಳನ್ನು ಹುಡುಕಿ ಫಲವೇನು?

ಬರೆಯಲ್ಪಟ್ಟ ಪುಟಗಳು ನೆರೆಯಲ್ಲಿವೆ. ಗೋದಾವರಿಗೆ ಪ್ರಾಣಹಿತಾ ನದಿ ಕೂಡುವ ಸೀಮೆ ಆಗ ಮೆಲ್ಲನೆ ಕುಸಿಯುತ್ತಿದ್ದ ದೊಡ್ಡ ತಗ್ಗು. ಅಲ್ಲಿಯ ಮಾಲೇರಿ ಎಂಬ ಪದರಗಳು ಕೆಂಪು ಜೇಡಿಯವು. ಕಬ್ಬಿಣದ ಅಂಶ ಗಾಳಿಯೊಡನೆ ಕೂಡಿ ತುಕ್ಕಾಗುವುದರಿಂದ ಬರುವ ಬಣ್ಣವಿದು. ಬೆಚ್ಚಗಿನ, ಮಳೆಗಾಲ ಬೇಸಗೆಗಳು ಸರದಿಯಂತೆ ಬರುತ್ತಿದ್ದ ಹವೆಗೆ ಸಾಕ್ಷಿ. ಇವುಗಳಿಗಿಂತ ಮೇಲಿನ ಕೋಟಾ ಪದರಗಳಲ್ಲಿ ಸುಣ್ಣಕಲ್ಲೂ ಮೀನುಗಳ ಅಚ್ಚುಗಳೂ ಕಾಣಿಸುತ್ತವೆ, ಎಂದರೆ ಕೆರೆಗಳಿದ್ದುವು. ಆ ಪದರಗಳಿಂದಲೇ 1960ರ ಆಸುಪಾಸಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಒಂದು ಭಾರೀ ಸಸ್ಯಾಹಾರಿಯ ಎಲುಬುಗಳನ್ನು ಅಗೆದು ತೆಗೆದರು. 1975ರಲ್ಲಿ ಅದಕ್ಕೆ ‘ಬಾರಾಪಾಸಾರಸ್ ಟಾಗೋರೈ’ ಎಂದು, ಕವಿ ರವೀಂದ್ರರ ನೆನಪಿಗಾಗಿ, ಹೆಸರಿಟ್ಟರು.

ಇನ್ನೂ ಈಚಿನ ಲಮೇಟಾ ಪದರಗಳು ಜಬಲ್‌ಪುರದಿಂದ ಗುಜರಾತಿನವರೆಗೆ ಹರಡಿವೆ. ಜಬಲ್‌ಪುರದಲ್ಲಿ 1828ರಲ್ಲಿಯೇ ಸ್ಲೀಮನ್ ಎಂಬ ಅಧಿಕಾರಿಗೆ ಅಲ್ಲಿಯ ಎಲುಬುಗಳು ದೊರಕಿದ್ದುವು. ಈ ಪದರಗಳ ತುಂಬ ಸುಣ್ಣದ ಗಂಟುಗಳು. ಬಿಜಾಪುರದ ಕರಿಮಣ್ಣಿನಲ್ಲಿ ಇಂದಿಗೂ ಅಂಥವು ಸಿಗುತ್ತವೆ. ಬೀಳುವ ಮಳೆಗಿಂತ ಆರಿಹೋಗುವ ನೀರು ಹೆಚ್ಚಾದಲ್ಲಿ ಮಣ್ಣಿನೊಳಗಿನ ಸುಣ್ಣ ತೊಳೆದುಹೋಗದೆ ಹೀಗೆ ಗಂಟುಕಟ್ಟುತ್ತದೆ. ಆದುದರಿಂದ, ಮೊಟ್ಟೆಗಳನ್ನು ಹೂಳಲು ಡೈನೊಸಾರುಗಳು ಆರಿಸಿಕೊಂಡ ಆ ನೆಲ ಅರೆಬರಡು ನಾಡಾಗಿದ್ದಿತೆನ್ನಬೇಕು.

ಪ್ರಪಂಚದ ಒಟ್ಟು ಹವೆ ಮಾತ್ರ ಇಂದಿಗಿಂತ ಬೆಚ್ಚಗಿದ್ದಿತು. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಅಧಿಕವಾಗಿದ್ದು, ಕ್ರಿಟೇಶಿಯಸ್ ಕಾಲದಲ್ಲಿ ಅಂಟಾರ್ಕ್ಟಿಕದಲ್ಲಿಯೂ ಕಾಡು ಬೆಳೆದಿದ್ದಿತು. ಸಮುದ್ರಗಳು ಉಕ್ಕಿ ನೆಲದ ಮೇಲೇರಿದುವು. ತಮಿಳುನಾಡಿನ ಅರಿಯಲೂರಿನ ಶಂಖ, ಚಿಪ್ಪುಗಳ ಪದರಗಳು ಹಾಗೆ ಬಂದವು. ಆ ಕಾಲದ ಶಾಖವನ್ನು ಅಳೆಯುವ ಉಪಾಯ ಬಹು ಸೊಗಸಾದುದು. ನೀರು ತಣ್ಣಗಿದ್ದಷ್ಟೂ ಚಿಪ್ಪಿನ ಸುಣ್ಣದಲ್ಲಿ ಭಾರವಾದ ಆಮ್ಲಜನಕ ಪರಮಾಣುಗಳ ಪ್ರಮಾಣ ಹೆಚ್ಚುತ್ತದೆ. 1951ರಲ್ಲಿ ಹೆರಲ್ಡ್ ಯೂರಿ ಮತ್ತು ಸಂಗಡಿಗರು ಜುರಾಸಿಕ್ ಕಾಲದ ಒಂದು ಬೆಲೆಮ್ನೈಟನ್ನು, ಎಂದರೆ ಕಡಲ ಪ್ರಾಣಿಯೊಂದರ ಒಳಗವಚವನ್ನು, ಪದರ ಪದರವಾಗಿ ಪರೀಕ್ಷಿಸಿ ಅದು ಕಂಡ ಬೇಸಗೆ ಚಳಿಗಾಲಗಳನ್ನು ಎಣಿಸಿದರು!

ತುಳುನಾಡಿಗೆ ಆ ಯುಗದ ಗುರುತು ಏನೂ ಇಲ್ಲವೆಂದಲ್ಲ. ಮಂಗಳೂರಿನ ಉತ್ತರಕ್ಕೆ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಐದಾರು ಮುಖಗಳ ಕಲ್ಲಿನ ಕಂಬಗಳು ಒತ್ತಾಗಿ ನಿಂತಿವೆ. ಇವು ಮೆಕ್ಕಲಲ್ಲ; ಸುಮಾರು 8.5ರಿಂದ 9.1 ಕೋಟಿ ವರ್ಷಗಳ ಹಿಂದೆ ಉಕ್ಕಿದ ಶಿಲಾದ್ರವ ಆರುತ್ತ ಕುಗ್ಗಿ ಬಿರಿದು ಆದ ಆಕೃತಿಗಳು. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿಯೂ ಉಂಟು. ಅಲ್ಲಿಯವರೆಗೆ ಪಣಂಬೂರಿನ ಪಡುವಣಕ್ಕೆ ಕಡಲೇ ಇರಲಿಲ್ಲ, ಮಡಗಾಸ್ಕರ್ ಅಂಟಿಕೊಂಡಿದ್ದಿತು. ನೆಲ ಸೀಳಿದ ಬಳಿಕವೇ ನಮಗೊಂದು ಕರಾವಳಿ ದೊರೆತುದು. ಘಟ್ಟದ ಮಣ್ಣು ಹೋಗಿ ಸೇರಲು ತಗ್ಗೊಂದು ಸಿಕ್ಕಿದುದೂ ಆಗಲೇ. ಆ ಬಳಿಕ ಸವೆದ ಮಣ್ಣಿನ ಬಹುಪಾಲನ್ನು ಹುಡುಕಬೇಕಾದರೆ ಅರಬ್ಬೀ ಸಮುದ್ರದ ತಳಕ್ಕೇ ಇಳಿಯಬೇಕು.

ಇತ್ತ ಭಾರತ ವೇಗವಾಗಿ ಉತ್ತರಕ್ಕೆ ಸರಿಯುತ್ತ, ದಖ್ಖಣದ ಲಾವಾ ಹರಿದ ಕಾಲಕ್ಕೆ ಇನ್ನೂ ಭೂಮಧ್ಯರೇಖೆಯ ತೆಂಕಣದಲ್ಲಿದ್ದಿತು. ಒಂದು ಹರಿವಿಗೂ ಮತ್ತೊಂದಕ್ಕೂ ನಡುವೆ ಬಿಡುವಿದ್ದಾಗ ಸಣ್ಣ ಕೆರೆಗಳು ತುಂಬಿದುವು. ಇಂದಿನ ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಬಳಿ ಅಂಥ ಕೆರೆಯ ಸುಣ್ಣಕಲ್ಲು, ಸಿಹಿನೀರಿನ ಸಣ್ಣ ಜೀವಿಗಳ ಚಿಪ್ಪುಗಳ ಸಹಿತ, ಲಾವಾದ ನಡುವೆ ಸಿಕ್ಕಿಕೊಂಡಿದೆ. ಕರ್ನಾಟಕದಲ್ಲಿ ಆ ಯುಗದ ಕೊನೆಯನ್ನು ಓದಬಯಸುವವರು ಹೋಗಬೇಕಾದುದು ಅತ್ತ.

ಮುರಕಲ್ಲಿನ ಮಾತೊಂದು ಉಳಿಯಿತು. ಮಲಬಾರಿನ ಅಂಗಡಿಪುರದಲ್ಲಿ ಜನರು ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡ ಬುಕಾನನ್, 1807ರ ತನ್ನ ಗ್ರಂಥದಲ್ಲಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಕರೆದನು. ಇದೂ ಹೊರಗಿನಿಂದ ಬಂದು ಇಳಿದ ಪದರವಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವಂಥ ಮಳೆ ಬಂಡೆಯ ಸುಣ್ಣ, ಸಿಲಿಕಾಗಳನ್ನು ತೊಳೆದು ಕಬ್ಬಿಣ, ಅಲ್ಯೂಮಿನಿಯಮ್‌ಗಳನ್ನು ಇದ್ದಲ್ಲಿಯೇ ಬಿಟ್ಟುದರ ಫಲ. ಡೈನೊಸಾರುಗಳು ಅಳಿದ ಬಹುಕಾಲಾನಂತರ, ಭಾರತ ಉಷ್ಣವಲಯದೊಳಗೆ ಬಂದ ಮೇಲಿನ ಕೆಲಸ. ಎಲುಬಿನ ಬಹುಭಾಗವೂ ಸುಣ್ಣದ ಅಂಶವೇ ಆದುದರಿಂದ, ಈ ಗುಡ್ಡಗಳಲ್ಲಿ ಎಂದಾದರೂ ಒಂದೆರಡು ಎಲುಬುಗಳು ಹೂತಿದ್ದರೂ ಅವನ್ನೂ ಅದೇ ಮಳೆ ಕರಗಿಸಿ ಒಯ್ದಿರುತ್ತಿತ್ತು.