ಸಿಕ್ಕಿಬೀಳದಿರಲಿ ಎಂಬ ಹರಕೆ

ಗಂಡ ಬಾಯಿಬಿಟ್ಟು ಹೇಳುತ್ತಾನೆ: ಮೊದಲ ಹೆಂಡತಿ ಮುಳುಗಿ ಸತ್ತದ್ದಲ್ಲ, ನಾನೇ ಗುಂಡು ಹಾರಿಸಿ ಕೊಂದೆ, ಅವಳನ್ನು ಕಂಡರೆ ನನಗಾಗುತ್ತಿರಲಿಲ್ಲ. ಕೇಳಿಸಿಕೊಂಡ ಎರಡನೆಯ ಹೆಂಡತಿಯ ಎದೆ ಹಗುರವಾಗುತ್ತದೆ. ಹಾಗಾದರೆ ಇವನು ಅವಳನ್ನು ಪ್ರೀತಿಸಿರಲೇ ಇಲ್ಲ! ಓದುತ್ತಿದ್ದ ನನ್ನ ಎದೆಯೂ ಹಗುರಾಯಿತು. ಒಂದು ಹೆಣ ಬಿದ್ದಿದೆ, ಹೇಳುತ್ತಿರುವವನು ಕೊಲೆಗಾರ ಎಂಬುದು ತಲೆಗೆ ಹತ್ತುವಷ್ಟರಲ್ಲಿ ಮುಂದಿನ ಅಧ್ಯಾಯ ಅರ್ಧ ಮುಗಿದಿತ್ತು.

ಡಾಫ್ನೆ ಡು ಮೋರಿಯೇ 1938ರಲ್ಲಿ ಪ್ರಕಟಿಸಿದ 'ರೆಬೆಕ್ಕಾ' ಅದು. ನಾನು ಓದಿದ್ದು ಕಾಲೇಜಿನ ಹಾಸ್ಟೆಲಿನಲ್ಲಿ, ಲೈಟ್ ಆರಿಸಬೇಕಾದ ಹೊತ್ತು ಮೀರಿ. ಕಥೆ ಹೇಳುವ ಹುಡುಗಿಗೆ ಪುಸ್ತಕದಲ್ಲಿ ಕೊನೆಯವರೆಗೂ ಹೆಸರಿಲ್ಲ. ತಂದೆತಾಯಿ ಇಲ್ಲದವಳು, ಒಬ್ಬ ಸಿರಿವಂತ ಹೆಂಗಸಿಗೆ ಸಂಬಳದ ಜೊತೆಗಾತಿಯಾಗಿ ಮಾಂಟೆ ಕಾರ್ಲೋದಲ್ಲಿ ಇದ್ದಾಗ, ತನಗಿಂತ ಎರಡು ಪಟ್ಟು ವಯಸ್ಸಿನ ವಿಧುರ ಮ್ಯಾಕ್ಸಿಮ್ ಡಿ ವಿಂಟರನನ್ನು ಕಂಡು ಮದುವೆಯಾಗುತ್ತಾಳೆ. ಇಂಗ್ಲೆಂಡಿನ ಕಡಲ ದಂಡೆಯ ಅವನ ದೊಡ್ಡ ಮನೆ ಮ್ಯಾಂಡರ್ಲಿಗೆ ಬಂದರೆ ಅಲ್ಲೆಲ್ಲ ಸತ್ತವಳದ್ದೇ ಆಡಳಿತ. ಹಾಕಿಕೊಂಡ ಮಳೆ ಅಂಗಿಯ ಜೇಬಿನಲ್ಲಿ ರೆಬೆಕ್ಕಾಳ ಕರವಸ್ತ್ರ. ಕೂತ ಮೇಜಿನ ಗೂಡುಗಳಿಗೆಲ್ಲ ರೆಬೆಕ್ಕಾಳ ಕೈಬರಹದ ಚೀಟಿ. ಮನೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಇನ್ನೂ ರೆಬೆಕ್ಕಾಳ ಊಳಿಗದಲ್ಲೇ ಇದ್ದಾಳೆ.

ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಹಿಂಡಿದ್ದು ಕೊಲೆಯಲ್ಲ, ಒಂದು ಪಿಂಗಾಣಿ ಬೊಂಬೆ. ಹೊಸ ಯಜಮಾನಿಯ ಕೈ ತಗುಲಿ ಅದು ಬಿದ್ದು ಒಡೆಯುತ್ತದೆ. ಅವಳು ಚೂರುಗಳನ್ನು ಆರಿಸಿ ಡ್ರಾಯರಿನ ಹಿಂದಕ್ಕೆ ತುರುಕುತ್ತಾಳೆ. ಆಮೇಲೆ ಬೊಂಬೆ ಕಾಣೆಯಾದ ಆರೋಪ ಆಳೊಬ್ಬನ ಮೇಲೆ ಬಂದಾಗ, ತನ್ನದೇ ಮನೆಯಲ್ಲಿ, ಡ್ಯಾನ್ವರ್ಸಳ ಎದುರು ನಿಂತು, ಒಡೆದದ್ದು ನಾನು ಎನ್ನಬೇಕಾಗುತ್ತದೆ. ಮದುವೆಯಾದ ಮೇಲೆ ಎರಡನೆಯ ಸಲ ಓದುವಾಗ ಈ ಜಾಗದಲ್ಲಿ ಪುಸ್ತಕ ಮಡಿಸಿಟ್ಟಿದ್ದೆ. ಅತ್ತೆಮನೆಯ ಅಡುಗೆಕೋಣೆಯಲ್ಲಿ ಒಂದೇ ಥರದ ಸ್ಟೀಲ್ ಡಬ್ಬಿಗಳ ಸಾಲಿನೆದುರು ನಿಂತು, ಸಾರಿನಪುಡಿ ಯಾವುದರಲ್ಲಿದೆ ಎಂದು ಕೇಳಲೂ ಆಗದೆ, ಎಲ್ಲರೂ ಮಲಗಿದ ಮೇಲೆ ಒಂದೊಂದೇ ಮುಚ್ಚಳ ಸದ್ದಾಗದಂತೆ ತೆಗೆದು ಮೂಸಿ ನೋಡಿದವರಿಗೆ ಆ ಹುಡುಗಿಯ ಪಾಡು ವಿವರಿಸಬೇಕಿಲ್ಲ. (ನನ್ನ ಅತ್ತೆ ಒಳ್ಳೆಯವರು. ಭಯ ಹುಟ್ಟಲು ಅತ್ತೆ ಕೆಟ್ಟವಳಾಗಿರಬೇಕೆಂದೇನೂ ಇಲ್ಲ.)

ಲೇಖಕಿಯ ಚಾಣಾಕ್ಷತನ ಇಲ್ಲಿದೆ. ಇಷ್ಟೆಲ್ಲ ಅವಮಾನವನ್ನು ಅವಳ ಜೊತೆ ನುಂಗಿಕೊಂಡು ಬಂದ ನಾವು ರೆಬೆಕ್ಕಾಳನ್ನು ಸವತಿಯ ಹಾಗೇ ದ್ವೇಷಿಸುತ್ತಿರುತ್ತೇವೆ. ಅವಳು ಎದುರಿಗೆ ಬಂದು ಒಂದು ಮಾತೂ ಆಡಿರುವುದಿಲ್ಲ. ಮ್ಯಾಕ್ಸಿಮ್ ತಪ್ಪೊಪ್ಪಿಕೊಳ್ಳುವ ಹೊತ್ತಿಗೆ, ಅವಳು ಎಂಥ ಕೆಟ್ಟವಳೆಂದು ಅವನು ಏನೇ ಹೇಳಿದರೂ ನಂಬಲು ನಾವು ತಯಾರು. ಪರಪುರುಷರ ಸಂಗ, ಬೇರೆಯವನ ಮಗುವನ್ನು ನಿನ್ನ ಹೆಸರಿನಲ್ಲಿ ಬೆಳೆಸುತ್ತೇನೆಂಬ ಮೂದಲಿಕೆ, ಸಾಯುವಾಗಲೂ ಮುಖದ ಮೇಲಿದ್ದ ನಗು: ಕೊನೆಯ ಜಗಳದ ಈ ವಿವರಗಳಿಗೆಲ್ಲ ಕೊಂದವನೊಬ್ಬನೇ ಸಾಕ್ಷಿ.

ಸತ್ತವಳ ಪರ ನಿಲ್ಲುವವರು ಯಾರು ನೋಡಿ. ಒಬ್ಬಳು ಡ್ಯಾನ್ವರ್ಸ್, ಹೊಸ ಹೆಂಡತಿಯನ್ನು ಕಿಟಕಿಯ ಬಳಿ ನಿಲ್ಲಿಸಿ ಹಾರಿಬಿಡು ಎಂದು ಕಿವಿಯಲ್ಲಿ ಊದಿದವಳು. ಇನ್ನೊಬ್ಬ ಫೇವೆಲ್; ರೆಬೆಕ್ಕಾಳ ಸಂಬಂಧಿ, ಪ್ರಿಯಕರ, ಕುಡುಕ, ಹಣ ಕೀಳಲು ಬಂದವನು. ಕಣ್ಣಾರೆ ಕಂಡಿರಬಹುದಾದ ಬೆನ್ ಬುದ್ಧಿ ಬಲಿಯದವನು. ಹುಚ್ಚಾಸ್ಪತ್ರೆಗೆ ಹಾಕಿಬಿಡುತ್ತಾರೆಂಬ ಹೆದರಿಕೆಗೆ ಏನೂ ಕಂಡಿಲ್ಲ ಎನ್ನುತ್ತಾನೆ. ನ್ಯಾಯ ಕೇಳುವವರೆಲ್ಲ ನಮಗೆ ಅಸಹ್ಯ ಹುಟ್ಟಿಸುವವರೇ. ಮುಚ್ಚಿಹಾಕುವವರೆಲ್ಲ ಮರ್ಯಾದಸ್ಥರು, ಒಟ್ಟಿಗೆ ಊಟ ಮಾಡುವ ಸ್ನೇಹಿತರು.

1940ರಲ್ಲಿ ಹಿಚ್‌ಕಾಕ್ ಇದನ್ನು ಸಿನಿಮಾ ಮಾಡಿದಾಗ, ಕೊಲೆ ಮಾಡಿದವನಿಗೆ ಶಿಕ್ಷೆಯಾಗದೆ ಕಥೆ ಮುಗಿಯುವಂತಿಲ್ಲ ಎಂಬ ಹಾಲಿವುಡ್ಡಿನ ಅಂದಿನ ನಿಯಮಾವಳಿ ಅಡ್ಡ ಬಂತು. ಹಾಗಾಗಿ ತೆರೆಯ ಮೇಲೆ ರೆಬೆಕ್ಕಾ ಜಗಳದ ನಡುವೆ ಎಡವಿ ಬಿದ್ದು ಸಾಯುತ್ತಾಳೆ. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ನನ್ನ ಅಮ್ಮನಿಗೆ ಈ ಕಥೆ ಗೊತ್ತಿದ್ದದ್ದು 1964ರ ಹಿಂದಿಯ 'ಕೊಹ್ರಾ' ಮೂಲಕ. ವಹೀದಾ ರೆಹಮಾನ್ ಬಿಟ್ಟರೆ ಅವರಿಗೆ ಬೇರೇನೂ ನೆನಪಿರಲಿಲ್ಲ. ಸಿನಿಮಾದವರಿಗೆ ಸಿಗದ ರಿಯಾಯಿತಿಯನ್ನು ಓದುಗರಾದ ನಾವು ಮ್ಯಾಕ್ಸಿಮ್‌ಗೆ ಕೇಳದೆಯೇ ಕೊಟ್ಟಿದ್ದೇವೆ.

ಈ ಪುಸ್ತಕ ಓದದ ನಮ್ಮ ದೊಡ್ಡಮ್ಮನಿಗೆ ಇದೆಲ್ಲ ಗೊತ್ತಿತ್ತು. ಚಿಕ್ಕಪ್ಪನ ಮಗಳಿಗೆ ಒಂದು ಸಂಬಂಧ ಬಂದಿತ್ತು, ಹುಡುಗನಿಗೆ ಎರಡನೆಯದು, ಮೊದಲನೆಯದು ಡೈವೋರ್ಸ್ ಆಗಿತ್ತು. ನೋಡಲು ಬಂದವನು ತಲೆ ತಗ್ಗಿಸಿ ಕೂತು, ಮೆಲ್ಲಗೆ, 'ಅವಳ ವಿಷಯ ಬಿಡಿ ಆಂಟಿ, ಹೇಳಿದ್ರೆ ನಮ್ಮ ನಾಲಿಗೆನೇ ಹೊಲಸಾಗತ್ತೆ' ಅಂದ. ಚಿಕ್ಕಮ್ಮನ ಕಣ್ಣು ಒದ್ದೆಯಾಯಿತು. ನಾನೂ ಮನಸ್ಸಿನಲ್ಲಿ ಪಾಪ ಅಂದುಕೊಂಡು ಅವನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ. ಅವರು ಹೊರಟ ಮೇಲೆ ದೊಡ್ಡಮ್ಮ ಕೇಳಿದ್ದು ಒಂದೇ: 'ಆ ಹುಡುಗಿ ಯಾವೂರೋಳಂತೆ? ಅವಳ ತೌರಿನೋರು ಏನಂತಾರೆ, ಯಾರಾದ್ರೂ ವಿಚಾರಿಸಿದ್ರಾ?' ಯಾರೂ ವಿಚಾರಿಸಿರಲಿಲ್ಲ.

ಅವರೇ ಬಸ್ಸು ಹತ್ತಿ ಹೋಗಿಬಂದರು. 'ಅವಳು ಬೇರೇನೇ ಹೇಳ್ತಾಳೆ ಕಣೆ. ಅವಳಂದಿದ್ದೆಲ್ಲಾ ನಿಜ ಅಂತ ನಾನೇನೂ ಅನ್ನಲ್ಲ. ಆದ್ರೆ ಇವನು ಹೇಳ್ದಂಗೂ ಇಲ್ಲ' ಅಂದರು. ಆ ಮಾತು ಅಲ್ಲಿಗೇ ನಿಂತಿತು. ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ದೊಡ್ಡಮ್ಮನ ಆ ಎರಡನೆಯ ವಾಕ್ಯ ನನಗೆ ಮೊದಲನೆಯದಕ್ಕಿಂತ ಮುಖ್ಯ ಅನಿಸುತ್ತದೆ. ಮಾತು ಸಿಗದವಳಿಗೆ ಮಾತು ಕೊಟ್ಟ ಕೂಡಲೇ ಸತ್ಯ ಹೊರಬರುತ್ತದೆ ಎಂದೇನಿಲ್ಲ. ಗಿಲಿಯನ್ ಫ್ಲಿನ್ 2012ರ 'ಗಾನ್ ಗರ್ಲ್'ನಲ್ಲಿ ಕಾಣೆಯಾದ ಹೆಂಡತಿಯ ಡೈರಿಯನ್ನೇ ನಮ್ಮ ಕೈಗಿಡುತ್ತಾಳೆ. ನಾವು ಅದನ್ನೂ ಪೂರ್ತಿ ನಂಬುತ್ತೇವೆ, ಮತ್ತು ಮೋಸ ಹೋಗುತ್ತೇವೆ.

ಇತ್ತೀಚೆಗೆ 'ರೆಬೆಕ್ಕಾ'ವನ್ನು ಮತ್ತೆ ಹಿಡಿದೆ, ಈ ಸಲ ರೆಬೆಕ್ಕಾಳ ಕಡೆಯವಳಾಗಿ ಓದಬೇಕೆಂದು ಹಟ ಮಾಡಿಕೊಂಡು. ಕೆಲವು ಕಡೆ ಸಾಧ್ಯವಾಯಿತು. ಕೊನೆಗೆ ಡಾಕ್ಟರು ಅವಳಿಗೆ ವಾಸಿಯಾಗದ ಕ್ಯಾನ್ಸರ್ ಇತ್ತು, ಮಕ್ಕಳಾಗುವಂತಿರಲಿಲ್ಲ ಎಂದು ಹೇಳುವುದು ಈಗ ನನಗೆ ಸಿಟ್ಟು ತರಿಸುತ್ತದೆ. ಹೇಗೂ ಸಾಯುವವಳಿದ್ದಳು, ಬೇಕೆಂದೇ ಕೆಣಕಿ ಕೊಲ್ಲಿಸಿಕೊಂಡಳು ಎಂಬ ಲೆಕ್ಕ ಹಾಕಿ ಲೇಖಕಿ ಮ್ಯಾಕ್ಸಿಮ್‌ನ ಕೈ ತೊಳೆಸುತ್ತಾಳೆ. ಅಷ್ಟು ಸಲೀಸಾಗಿ ಬಿಡಬಾರದಿತ್ತು.

ಆದರೆ ವಿಚಾರಣೆಯ ಅಧ್ಯಾಯದಲ್ಲಿ ನನ್ನ ಹಟ ನಡೆಯಲಿಲ್ಲ. ಸಮುದ್ರದಡಿಯಿಂದ ಎತ್ತಿದ ರೆಬೆಕ್ಕಾಳ ದೋಣಿಯನ್ನು ಪರೀಕ್ಷಿಸಿದ ಟ್ಯಾಬ್ ಎಂಬ ಬಡಗಿ ಎದ್ದು ನಿಂತು, ಈ ತೂತುಗಳು ಬಂಡೆಗೆ ಬಡಿದು ಆದವಲ್ಲ, ಯಾರೋ ಒಳಗಿನಿಂದ ಕೊರೆದದ್ದು ಎನ್ನುತ್ತಾನೆ. ತೀರ್ಪು ಏನಾಗುತ್ತದೆಂದು ನನಗೆ ಗೊತ್ತು. ಆ ಬಡಗಿ ಹೇಳುತ್ತಿರುವುದು ಅಪ್ಪಟ ನಿಜ ಎಂದೂ ಗೊತ್ತು. ಆದರೂ ಅಂಗೈ ಬೆವರಿತು, ಇವನೊಬ್ಬ ಬಾಯಿ ಮುಚ್ಚಿಕೊಂಡು ಕೂರಬಾರದೇ ಅನಿಸಿತು. ಆಮೇಲೆ ಫೇವೆಲ್ ಬಂದು ಮ್ಯಾಕ್ಸಿಮ್‌ನತ್ತ ಬೆರಳು ತೋರಿಸಿ ಕೊಲೆಗಾರ ಎಂದಾಗ, ಮೊದಲ ಸಲ ಓದಿದಾಗಿನಷ್ಟೇ ಅವನನ್ನು ಕಂಡು ಮೈ ಉರಿಯಿತು.