ಮಾಟಗಾತಿ ಕಾಣದ ಮಾಟಗಾತಿ ಚಿತ್ರ

ಪ್ರಶ್ನೆ: ಮಗಳ ಒತ್ತಾಯಕ್ಕೆ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ನೋಡಿದೆ. ಕಡೆಯವರೆಗೂ ಕಾದರೂ ಮಾಟಗಾತಿ ಬರಲೇ ಇಲ್ಲ. ಇಂಥದ್ದನ್ನು ಭಯಾನಕ ಚಿತ್ರಗಳ ಸಾಲಿನಲ್ಲಿ ಅಷ್ಟು ಮೇಲಿಡುವುದೇಕೆ?
– ಓದುಗರು, ದಾವಣಗೆರೆ

ಉತ್ತರ: ಅವಳು ಬಾರದೇ ಇದ್ದದ್ದಕ್ಕೇ. 1999ರಲ್ಲಿ ತೆರೆಕಂಡ ಈ ಅಮೆರಿಕನ್ ಚಿತ್ರದ ನಿರ್ದೇಶಕರು ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೊ ಸ್ಯಾಂಚೆಜ್. ನೋಡಿದವರು ನಂಬುವಂಥ ಮಾಟಗಾತಿಯನ್ನು ತೆರೆಗೆ ತರುವಷ್ಟು ದುಡ್ಡು ಅವರಲ್ಲಿರಲಿಲ್ಲ. 1997ರ ಅಕ್ಟೋಬರ್‌ನಲ್ಲಿ ಮೇರಿಲ್ಯಾಂಡ್ ರಾಜ್ಯದ ಕಾಡಿನಲ್ಲಿ ಎಂಟು ದಿನ ಚಿತ್ರೀಕರಣ ನಡೆಯಿತು. ಕ್ಯಾಮೆರಾ ಹಿಡಿದವರೂ ನಟರೇ. ಒಂದು ವಿಡಿಯೊ ಕ್ಯಾಮೆರಾ, ಇನ್ನೊಂದು ಕಪ್ಪು-ಬಿಳುಪಿನ 16 ಎಂಎಂ. ಆಯಾ ದಿನ ಏನು ಮಾಡಬೇಕೆಂಬ ಚೀಟಿಗಳನ್ನು ನಿರ್ದೇಶಕರು ಕಾಡಿನಲ್ಲಿ ಗೊತ್ತುಮಾಡಿದ ಜಾಗಗಳಲ್ಲಿ ಇಟ್ಟಿರುತ್ತಿದ್ದರು. ಒಬ್ಬರ ಚೀಟಿಯಲ್ಲಿ ಏನಿದೆ ಎಂಬುದು ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಮಾತುಗಳನ್ನು ನಟರೇ ಹೊತ್ತಿಗೆ ತಕ್ಕಂತೆ ಆಡಬೇಕು. ದಿನ ಕಳೆದಂತೆ ಊಟವನ್ನೂ ಕಡಿಮೆ ಮಾಡುತ್ತ ಬಂದರು. ರಾತ್ರಿ ಡೇರೆಯ ಸುತ್ತ ಮಕ್ಕಳ ದನಿ ಕೇಳಿಸಿ, ಡೇರೆಯನ್ನೇ ಅಲುಗಾಡಿಸಿದರು. ತೆರೆಯ ಮೇಲೆ ನೀವು ಕಂಡ ಆ ಗಾಬರಿಯಲ್ಲಿ ನಟನೆಯ ಪಾಲು ಕಡಿಮೆ.

ಒಂದು ರಾತ್ರಿಯ ಓಟದ ದೃಶ್ಯಕ್ಕಾಗಿ ಬಿಳಿ ಬಟ್ಟೆ ತೊಟ್ಟ ಆಕೃತಿಯೊಂದನ್ನು ಕಾಡಿನೊಳಗೆ ನಿಲ್ಲಿಸಿದ್ದರಂತೆ. ಓಡುವ ಭರದಲ್ಲಿ ಯಾವ ಕ್ಯಾಮೆರಾವೂ ಅತ್ತ ತಿರುಗಲಿಲ್ಲ. ಕಾಡಿನಲ್ಲಿ ಕಾಣೆಯಾಗುವ ಮೂವರಲ್ಲಿ ಒಬ್ಬಳಾದ ಹೆದರ್ ಏನನ್ನೋ ಕಂಡು ಕಿರುಚುತ್ತಾಳೆ, ನಮಗೆ ಕಾಣುವುದು ಬರೀ ಕತ್ತಲು. ಆಕೃತಿ ಸೆರೆಯಾಗಿದ್ದರೆ ಚಿತ್ರ ಅಲ್ಲಿಗೇ ಸೋಲುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಆ ಮೂವರಲ್ಲಿ ಇನ್ನೊಬ್ಬನಾದ ಮೈಕ್ ಗೋಡೆಯ ಮೂಲೆಗೆ ಮುಖ ಮಾಡಿ ನಿಂತಿದ್ದಾನೆ, ಅಷ್ಟೇ. ಆದರೆ ಒಂದು ಮಗುವನ್ನು ಕೊಲ್ಲುವಾಗ ಇನ್ನೊಂದನ್ನು ಮೂಲೆಗೆ ತಿರುಗಿಸಿ ನಿಲ್ಲಿಸುತ್ತಿದ್ದ ಹಂತಕನ ಕಥೆಯನ್ನು ಊರಿನವರು ಆರಂಭದಲ್ಲೇ ಹೇಳಿರುತ್ತಾರೆ. ಆ ಮಾತು ಕಿವಿಯಿಂದ ತಪ್ಪಿಹೋಗಿದ್ದರೆ ಅಂತ್ಯ ಸಪ್ಪೆ ಎನಿಸುತ್ತದೆ. ನಿಮಗೂ ಹಾಗೇ ಆಗಿರಬಹುದು.

ಪ್ರಶ್ನೆ: ಕ್ಯಾಮೆರಾ ಅಲುಗಾಟಕ್ಕೆ ನನಗೆ ತಲೆ ಸುತ್ತಿತು. ಅರ್ಧ ಚಿತ್ರ ಮೂವರ ಜಗಳದಲ್ಲೇ ಮುಗಿಯಿತು. ಇದು ದೋಷವಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ದೋಷವೇ. ಚಿತ್ರ ಬಂದ ಕಾಲದಲ್ಲೂ ಎಷ್ಟೋ ಪ್ರೇಕ್ಷಕರು ವಾಕರಿಕೆ ಬಂದು ಚಿತ್ರಮಂದಿರದಿಂದ ಎದ್ದುಹೋಗಿದ್ದರು. ಅಲುಗಾಟಕ್ಕಾದರೂ ಕಥೆಯಲ್ಲಿ ಕಾರಣವಿದೆ. ಜಗಳವನ್ನು ಸಮರ್ಥಿಸುವುದು ಕಷ್ಟ. ನಕ್ಷೆಯನ್ನು ಹೊಳೆಗೆ ಒದ್ದವನು ತಾನೇ ಎಂದು ಮೈಕ್ ನಗುತ್ತ ಹೇಳುವ ಗಳಿಗೆ ಅದ್ಭುತ. ಅದಾದ ಮೇಲೆ ಅದೇ ಬೈಗುಳ, ಅದೇ ಅಳು, ಅದೇ ನಡಿಗೆ. ಜಗಳದಿಂದ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಜಗಳವನ್ನೇ ಬಂಡವಾಳ ಮಾಡಿಕೊಂಡ ಚಿತ್ರ ಬೇಕಿದ್ದರೆ ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ನೋಡಿ. ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 1.14 ಲಕ್ಷ ಡಾಲರ್‌ನಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರ ಅದು. ರಕ್ತದ ಬದಲು ಚಾಕೊಲೇಟ್ ಸಿರಪ್ ಬಳಸಿದ್ದರು. ಹೊರಗೆ ಹೆಣಗಳು ಎದ್ದು ಬರುತ್ತಿರುವಾಗ, ಮನೆಯೊಳಗಿನವರು ನೆಲಮಾಳಿಗೆಗೆ ಇಳಿಯುವುದೋ ಮೇಲೆಯೇ ಇದ್ದು ಬಾಗಿಲು ಭದ್ರಪಡಿಸುವುದೋ ಎಂದು ಕಚ್ಚಾಡುತ್ತಾರೆ. ಎರಡೂ ಕಡೆ ನ್ಯಾಯವಿದೆ, ಒಂದೊಂದು ಹಟಕ್ಕೂ ಜೀವ ಬಲಿಯಾಗುತ್ತದೆ. ಹಾಗಾಗಿ ಆ ಚಿತ್ರ ಎಷ್ಟನೇ ಸಲ ನೋಡಿದರೂ ಗಟ್ಟಿಯಾಗಿದೆ. ‘ಬ್ಲೇರ್ ವಿಚ್’ ಎರಡನೇ ಸಲಕ್ಕೇ ಸಡಿಲ.

ಪ್ರಶ್ನೆ: ನಮ್ಮ ಕನ್ನಡದ ‘6-5=2’ ಚಿತ್ರ ‘ಬ್ಲೇರ್ ವಿಚ್’ನ ನಕಲು ತಾನೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಕಾಣೆಯಾದವರ ಕ್ಯಾಮೆರಾ ಸಿಕ್ಕಿತು, ಅದರಲ್ಲಿದ್ದದ್ದು ಇದು ಎಂಬ ಚೌಕಟ್ಟು ಎರವಲೇ. ಕೆ.ಎಸ್. ಅಶೋಕ ನಿರ್ದೇಶಿಸಿದ ಆ ಚಿತ್ರ 2013ರಲ್ಲಿ ಬಂತು. ಚಾರಣಕ್ಕೆ ಹೊರಟ ಗೆಳೆಯರ ಹರಟೆ, ಕೀಟಲೆಗಳಲ್ಲಿ ನಮ್ಮ ಹುಡುಗರ ಮಾತಿನ ಧಾಟಿಯಿದೆ. ದೊಡ್ಡ ತಾರೆಯರಿಲ್ಲದ್ದೂ ಅದಕ್ಕೆ ವರವಾಯಿತು. ಪರಿಚಿತ ನಾಯಕನಿದ್ದಿದ್ದರೆ ‘ನಿಜವಾಗಿ ನಡೆದದ್ದು’ ಎಂಬ ಭ್ರಮೆ ಮೊದಲ ದೃಶ್ಯದಲ್ಲೇ ಒಡೆಯುತ್ತಿತ್ತು. ಮುಂದಿನ ವರ್ಷ ಹಿಂದಿಯಲ್ಲೂ ಅದನ್ನು ತೆಗೆದರು.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಗೆಳೆಯರೆಲ್ಲ ಸೇರಿ ಮೊಬೈಲಿನಲ್ಲೇ ಭಯಾನಕ ಚಿತ್ರ ತೆಗೆಯುತ್ತಿದ್ದೇವೆ. ಕೈಯಲ್ಲಿರುವ ಅಲ್ಪ ಹಣವನ್ನು ಯಾವುದಕ್ಕೆ ಹಾಕಲಿ?
– ಓದುಗರು, ಮೈಸೂರು

ಉತ್ತರ: ಮೊದಲು ಧ್ವನಿಗೆ. ಚಿತ್ರ ಮಸುಕಾಗಿದ್ದರೆ ಪ್ರೇಕ್ಷಕರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ. ಒಳ್ಳೆಯ ಮೈಕ್ ಬಾಡಿಗೆಗೆ ತನ್ನಿ. ದೆವ್ವದ ಮುಖವಾಡಕ್ಕೆ ಒಂದು ರೂಪಾಯಿಯನ್ನೂ ಸುರಿಯಬೇಡಿ.

ಎರಡನೆಯದಾಗಿ, ನಟರಿಗೆ. ‘ಬ್ಲೇರ್ ವಿಚ್’ ಚಿತ್ರದ ಅತಿ ದೊಡ್ಡ ವೈಫಲ್ಯ ತೆರೆಯ ಮೇಲಿನದಲ್ಲ. ಹೆದರ್ ಡೊನಾಹ್ಯೂ, ಜೋಶುವಾ ಲಿಯೊನಾರ್ಡ್, ಮೈಕಲ್ ವಿಲಿಯಮ್ಸ್ ತಮ್ಮ ನಿಜ ಹೆಸರುಗಳಲ್ಲೇ ನಟಿಸಿದರು. ಅವರು ಕಾಣೆಯಾಗಿದ್ದಾರೆ ಎಂಬ ಪೋಸ್ಟರ್‌ಗಳಿಂದಲೇ ಪ್ರಚಾರ ನಡೆಯಿತು. ಬದುಕಿದ್ದ ಮಗಳಿಗಾಗಿ ಹೆದರ್ ತಾಯಿಗೆ ಸಂತಾಪದ ಪತ್ರಗಳು ಬಂದವು. ಚಿತ್ರ ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ಗಳಿಸಿತು. ಇಂಥ ಗಳಿಕೆಯಲ್ಲಿ ತಮಗೆ ಸಲ್ಲಬೇಕಾದ ಪಾಲಿಗಾಗಿ ಆ ಮೂವರು 2024ರಲ್ಲಿ, ಅಂದರೆ ಕಾಲು ಶತಮಾನದ ನಂತರವೂ, ಬಹಿರಂಗವಾಗಿ ದನಿ ಎತ್ತಬೇಕಾಯಿತು. ಹಸಿವು, ಚಳಿ, ಭಯ ಎಲ್ಲವನ್ನೂ ಮೈಮೇಲೆ ಎಳೆದುಕೊಂಡು, ಕ್ಯಾಮೆರಾ ಹಿಡಿದು, ಸಂಭಾಷಣೆಯನ್ನೂ ಕಟ್ಟಿಕೊಟ್ಟವರು ಅವರು. ಈ ಅನ್ಯಾಯವನ್ನು ಬದಿಗಿಟ್ಟು ಚಿತ್ರವನ್ನಷ್ಟೇ ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ನೀವು ಗೆಳೆಯರೇ ಇರಬಹುದು. ಆದರೂ ಯಾರ ಕೆಲಸ ಏನು, ಹಣ ಬಂದರೆ ಯಾರಿಗೆ ಎಷ್ಟು, ಯಾರ ಹೆಸರು, ಮುಖ ಎಲ್ಲಿಯವರೆಗೆ ಬಳಕೆಯಾಗಬಹುದು ಎಂಬುದನ್ನು ಮೊದಲ ಶಾಟ್‌ಗೆ ಮುನ್ನ ಕಾಗದದ ಮೇಲೆ ಬರೆದು, ಎಲ್ಲರೂ ದಯವಿಟ್ಟು ಸಹಿ ಹಾಕಿ.