ಹಳೆಯ ಮನೆಗೆ ಎ.ಸಿ., ಗೀಸರ್: ಮೊದಲು ಲೋಡ್ ಮಂಜೂರಾಗಲಿ

ಮೂವತ್ತು ವರ್ಷದ ಹಿಂದೆ ಕಟ್ಟಿದ ಮನೆಗೆ ವಿದ್ಯುತ್ ಸಂಪರ್ಕ ಪಡೆದಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಬಂದದ್ದು ನಾಲ್ಕಾರು ದೀಪ, ಎರಡು ಫ್ಯಾನು, ಒಂದು ಟಿ.ವಿ., ಒಂದು ಮಿಕ್ಸಿ. ಇಂದು ಅದೇ ವೈರಿಂಗ್ ಮೇಲೆ ಗೀಸರ್, ಎ.ಸಿ. ಎರಡೂ ಕೂರುತ್ತಿವೆ. 2 ಕಿಲೋವಾಟ್ ಗೀಸರ್ ಒಂದೇ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಒಂದೂವರೆ ಟನ್ ಎ.ಸಿ.ಯೂ ಜೊತೆಗೆ ಓಡಿದರೆ 15 ಆಂಪಿಯರ್ ಮುಟ್ಟುತ್ತದೆ. ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತಿದರೆ ಫ್ಯೂಸ್ ಉಳಿಯುತ್ತದೆ, ಕಾಯುವುದು ಗೋಡೆಯೊಳಗಿನ ವೈರು. ಆದ್ದರಿಂದ ಹಳೆಯ ಮನೆಯಲ್ಲಿ ಮೊದಲ ಕೆಲಸ ಯಂತ್ರ ಕೊಳ್ಳುವುದಲ್ಲ. ಮನೆಯ ಲೋಡನ್ನೂ ವೈರಿಂಗನ್ನೂ ಕಾನೂನಿನ ಪ್ರಕಾರ ಸರಿಪಡಿಸಿಕೊಳ್ಳುವುದು. ಇದು ಬಳಕೆದಾರರ ಹೊಣೆ ಮಾತ್ರವಲ್ಲ, ಹಕ್ಕೂ ಹೌದು.

ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆಯ ಜೊತೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂದು ನಮೂದಾಗಿರುತ್ತದೆ. ಹೊಸ ಉಪಕರಣಗಳಿಗೆ ಅದು ಸಾಲದಿದ್ದರೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಮುಂತಾದ ನಿಮ್ಮ ಕಂಪನಿಯ ಉಪವಿಭಾಗ ಕಚೇರಿಗೆ ಹೆಚ್ಚುವರಿ ಲೋಡ್‌ಗಾಗಿ ಅರ್ಜಿ ಹಾಕಬೇಕು. ಕಚೇರಿ ಇದನ್ನು ತಿಂಗಳುಗಟ್ಟಲೆ ಎಳೆಯುವಂತಿಲ್ಲ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, 2020ಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ, ಹೊಸ ಸಂಪರ್ಕಕ್ಕೂ ಇರುವ ಸಂಪರ್ಕದ ಮಾರ್ಪಾಡಿಗೂ ಮಹಾನಗರಗಳಲ್ಲಿ 3 ದಿನ, ಇತರ ನಗರಪ್ರದೇಶಗಳಲ್ಲಿ 7 ದಿನ, ಗ್ರಾಮಾಂತರದಲ್ಲಿ 15 ದಿನ ಗಡುವು. ಹೊಸ ಲೈನ್ ಎಳೆಯಬೇಕಾದಲ್ಲಿ ಹೆಚ್ಚು ಸಮಯ ಹಿಡಿಯಬಹುದು. ಅರ್ಜಿ ಪೂರ್ಣವಾಗಿದ್ದ ದಿನದಿಂದ ಗಡುವು ಎಣಿಕೆಯಾಗುವುದರಿಂದ ಸ್ವೀಕೃತಿ ಪತ್ರ ಪಡೆದು ಇಟ್ಟುಕೊಳ್ಳುವುದು ಅತ್ಯಗತ್ಯ.

ಮೀಟರಿನಿಂದ ಒಳಗಿನ ವೈರಿಂಗ್ ಮನೆಯವರ ಹೊಣೆ. ಬಲ್ಬು, ಫ್ಯಾನು, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ವೈರಿಂಗ್‌ನ ಸಾಮರ್ಥ್ಯ ಬದಲಾಗುವ ಕೆಲಸವನ್ನು ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಹೇಳುತ್ತದೆ. ಮನೆಗಳಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿತಗೊಳಿಸುವ ಸಾಧನವನ್ನೂ ಅದು ಕೇಳುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಇದನ್ನೇ ಕಡಿಮೆ ಹಣಕ್ಕೆ ಮಾಡಿಕೊಡುವಾಗ ಲೈಸೆನ್ಸ್ ಯಾಕೆ ಎಂಬ ಪ್ರಶ್ನೆ ಸಹಜ. ಅವರ ಕೈಚಳಕದ ಬಗ್ಗೆ ಅನುಮಾನವಿಲ್ಲ. ಆದರೆ ಅರ್ಥಿಂಗ್, ಇನ್ಸುಲೇಷನ್ ಪರೀಕ್ಷಿಸಿ ಸಹಿ ಹಾಕಿದ ವರದಿ ಕೊಡುವ ಅಧಿಕಾರ ಪರವಾನಗಿದಾರರದು. ಕೆಲಸ ಕೆಟ್ಟರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗದ ಮೆಟ್ಟಿಲೇರಲು ಆ ವರದಿ, ಬಿಲ್ಲುಗಳೇ ಆಧಾರ.

ಲೋಡ್ ಹೆಚ್ಚಿಸಿದರೆ ಪ್ರತಿ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ, ಸುಮ್ಮನಿರುವುದೇ ಲಾಭ ಎನ್ನುವವರಿದ್ದಾರೆ. ಶುಲ್ಕ ಏರುವುದು ನಿಜ. ಆದರೆ ಮಂಜೂರಾದ ಲೋಡ್ ಮೀರಿದ ಬಳಕೆ ವಿದ್ಯುಚ್ಛಕ್ತಿ ಕಾಯ್ದೆ, 2003ರ 126ನೇ ಕಲಮಿನ ಅನಧಿಕೃತ ಬಳಕೆಯ ವ್ಯಾಪ್ತಿಗೆ ಬರುತ್ತದೆಂದು ಒಡಿಶಾದ ಅಕ್ಕಿ ಗಿರಣಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿದೆ. ಆ ಕಲಮಿನಡಿ ದರ ಎರಡು ಪಟ್ಟು. ಅವಧಿ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ. ಇಲ್ಲೂ ಬಳಕೆದಾರರು ನಿರಾಯುಧರಲ್ಲ. ಮೊದಲು ಬರುವುದು ತಾತ್ಕಾಲಿಕ ಆದೇಶ. ಅದಕ್ಕೆ ಆಕ್ಷೇಪಣೆ ಸಲ್ಲಿಸಬಹುದು. ಅಂತಿಮ ಆದೇಶದ ವಿರುದ್ಧ 30 ದಿನದೊಳಗೆ, ಅರ್ಧ ಮೊತ್ತ ಠೇವಣಿಯಿಟ್ಟು, 127ನೇ ಕಲಮಿನಡಿ ಮೇಲ್ಮನವಿ ಹೂಡಬಹುದು.

ಬಾಡಿಗೆದಾರರಿಗೆ ಇದೆಲ್ಲ ಕೈಗೆಟುಕದ್ದು ಎಂಬ ಆಕ್ಷೇಪಕ್ಕೆ ಅರ್ಧ ಉತ್ತರ ಮಾತ್ರ ಇದೆ. ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ದಿಲೀಪ್ ಮತ್ತು ಸತೀಶ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೋಡೆ ಕೊರೆದು ಹೊಸ ವೈರಿಂಗ್ ಮಾಡಿಸುವುದಾದರೆ ಮಾತ್ರ ಖರ್ಚು ಯಾರದೆಂದು ಬರೆದ ಲಿಖಿತ ಒಪ್ಪಿಗೆ ಪಡೆಯುವುದೇ ಕ್ಷೇಮ. ಅರ್ಜಿ ಗಡುವು ಮೀರಿ ಕೊಳೆಯುತ್ತಿದ್ದರೆ 1912ಕ್ಕೆ ದೂರು ಕೊಡಿ. ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ಬೇಸಿಗೆ ಬರುವ ಮೊದಲೇ ಬಿಲ್ಲು ತೆಗೆದು ಮಂಜೂರಾದ ಲೋಡ್ ನೋಡಿ, ಉಪಕರಣಗಳ ವಾಟ್ ಕೂಡಿಸಿ, ಸಾಲದಿದ್ದರೆ ಅರ್ಜಿ ಹಾಕಿ; ಎ.ಸಿ. ಖರೀದಿ ಮಂಜೂರಾತಿಯ ನಂತರವಿರಲಿ.